ಕೋಟೆ ಬಿಟ್ಟ ರಾತ್ರಿ

ಮಾರ್ಚ್ 6

ಗುಬ್ಬಿ,

ಕಾಗದ ನೋಡಿ ಗಾಬರಿಯಾಗಬೇಡ. ನನಗೆ ಏನೂ ಆಗಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನನ್ನ ಗಂಟಲು ಕಟ್ಟುತ್ತದೆ, ಆಮೇಲೆ ನೀನೂ ಸುಮ್ಮನಾಗುತ್ತೀಯ, ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ಇಟ್ಟುಬಿಡುತ್ತೇವೆ. ಬರೆಯುವುದಕ್ಕೆ ಗಂಟಲು ಬೇಕಾಗಿಲ್ಲ. ದಿನಚರಿ ಬರೆದು ಕೈಗೆ ಅಭ್ಯಾಸವೂ ಇದೆ.

ಒಂದು ತುರ್ತು ವಿಷಯ. ಕೋಟೆಯ ಪ್ರದರ್ಶನ ಕೋಣೆಯ ಮುಂದಿನ ತಗಡಿನ ಬೋರ್ಡು ತುಕ್ಕು ಹಿಡಿದು ಬಿದ್ದಿದೆ. ಈ ಸಲ ಕಲ್ಲಿನಲ್ಲಿ ಕೆತ್ತಿಸುತ್ತಾರಂತೆ. ಏನು ಕೆತ್ತಬೇಕೆಂದು ಜೂನ್ ಮೊದಲ ವಾರ ಸಮಿತಿ ಸೇರಿ ತೀರ್ಮಾನ ಮಾಡುತ್ತದೆ. ಹಳೆಯ ಬೋರ್ಡಿನ ಸಾಲು ನಿನಗೆ ಬಾಯಿಪಾಠ ಇರಬೇಕು: 'ಊರು ಮಲಗಿದ್ದಾಗ ದಳಪತಿಯು ಹೇಡಿಯಂತೆ ಕೋಟೆ ಬಿಟ್ಟು ಓಡಿಹೋದನು.' ನಿಮ್ಮಪ್ಪ ಆ ಕೋಣೆಯ ಬೀಗ ತೆಗೆದು, ಧೂಳು ಒರೆಸಿ, ಬಂದವರಿಗೆಲ್ಲ ಮುತ್ತಿಗೆಯ ಕಥೆ ಹೇಳಿದ್ದಷ್ಟೂ ವರ್ಷ ಆ ಒಂದು ಸಾಲನ್ನು ತೆಗೆಸಬೇಕೆಂದು ಒದ್ದಾಡಿದರು. ತಗಡಾದರೆ ಎಂದಾದರೂ ಬಣ್ಣ ಬಳಿಯಬಹುದಿತ್ತು. ಕಲ್ಲಾದರೆ ಮುಗಿಯಿತು.

ಸಮಿತಿಗೆ ಈಗ ಕನ್ನಡಕದ ಅಂಗಡಿಯವರೇ ಅಧ್ಯಕ್ಷರು. ಅವರು ಏನು ಹೇಳುತ್ತಾರೆಂದು ನಿನಗೇ ಗೊತ್ತು. ನಮ್ಮ ಮನೆಯ ಜಗುಲಿಯಲ್ಲಿ ಕೂತು, ದಳಪತಿ ಹೇಡಿ ಎಂದು ಅವರು, ವೀರ ಎಂದು ನಿಮ್ಮಪ್ಪ, ಎಷ್ಟು ಸಂಜೆ ಕಿರುಚಾಡಿಲ್ಲ! ಪಕ್ಕದ ಮನೆಯವಳು ಗೋಡೆ ತಟ್ಟಿದ ಮೇಲೆಯೇ ನಿಲ್ಲಿಸುತ್ತಿದ್ದರು. ಕೊನೆಗೆ ಅದೇ ಜಗಳ ದೊಡ್ಡದಾಗಿ ಮಾತೇ ಬಿಟ್ಟರು.

ಒಂದೇ ನದಿಯ ನೀರಿಗೆ ಜಗಳವಾಡುವ ಊರುಗಳನ್ನು ಎದುರುಬದುರು ಕೂರಿಸಿ ಯಾರ ಮುಂದೆ ಏನು ದಾರಿ ಇದೆ ಎಂದು ಲೆಕ್ಕ ಹಾಕುವುದೇ ನಿನ್ನ ಆಫೀಸಿನ ಕೆಲಸ ಎಂದು ಹೇಳಿದ್ದೆಯಲ್ಲ? ಇನ್ನೂರು ವರ್ಷ ಹಳೆಯ ಯುದ್ಧಕ್ಕೂ ಆ ಲೆಕ್ಕ ಬರುತ್ತದೆಯೇ? ಬರುತ್ತದೆ ಎಂದಾದರೆ ಕಲಿಸು. ನಾನೇ ಹೋಗಿ ಸಮಿತಿಯ ಮುಂದೆ ಹೇಳುತ್ತೇನೆ.

ಹೊಲಿಗೆ ಯಂತ್ರದ ಮೇಲೆ ಕಾಗದ ಇಟ್ಟು ಬರೆಯುತ್ತಿರುವ,
ಅಮ್ಮ


ಮಾರ್ಚ್ 17

ಅಮ್ಮಾ,

ನೀನು ಸಮಿತಿಯ ಮುಂದೆ ಮಾತಾಡುತ್ತೀಯಾ? ನನ್ನ ಶಾಲೆಯ ಸಭೆಗೆ ಬಂದರೆ ಕಂಬದ ಹಿಂದೆ ನಿಲ್ಲುತ್ತಿದ್ದ ನೀನು? ಕಾಗದವನ್ನು ಎರಡು ಸಲ ಓದಿ, ಆಫೀಸಿನಲ್ಲಿ ಪಕ್ಕದ ಮೇಜಿನವಳಿಗೂ ಓದಿ ಹೇಳಿದೆ.

ಖಂಡಿತ ಬರುತ್ತದೆ. ಹಳೆಯ ಯುದ್ಧಗಳ ಮೇಲೆಯೇ ನಮಗೆ ಈ ವಿದ್ಯೆ ಕಲಿಸಿದ್ದು. ನಿನ್ನ ಗುಂಡಿ ಡಬ್ಬಿ ತೆಗೆದುಕೋ. ಕೋಟೆಯೊಳಗಿನ ದಳಪತಿಗೆ ಕಪ್ಪು ಗುಂಡಿ, ಹೊರಗೆ ಮುತ್ತಿಗೆ ಹಾಕಿದವನಿಗೆ ಬಿಳಿ. ಒಳಗಿನವನಿಗೆ ಏನೇನು ದಾರಿ ಇತ್ತು? ಹಿಡಿದು ಕೂರುವುದು, ಶರಣಾಗುವುದು, ಜಾರಿಕೊಳ್ಳುವುದು. ಹೊರಗಿನವನಿಗೆ? ಗೋಡೆ ಏರಿ ಬರುವುದು, ಕಾಯುವುದು, ಡೇರೆ ಕಿತ್ತು ಮರಳುವುದು. ಇವನದೊಂದು ಅವನದೊಂದು ಜೋಡಿಸಿದರೆ ಒಂಬತ್ತು ಸ್ಥಿತಿಗಳು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಒಂಬತ್ತು ಮನೆ ಬರೆ.

ಆಮೇಲೆ ಒಳಗಿನವನಿಗೆ ಯಾವ ಸ್ಥಿತಿ ಎಲ್ಲಕ್ಕಿಂತ ಇಷ್ಟ, ಯಾವುದು ಎಲ್ಲಕ್ಕಿಂತ ಕಷ್ಟ ಎಂದು ಸಾಲಾಗಿ ಜೋಡಿಸು. ಹೊರಗಿನವನಿಗೂ ಹಾಗೆಯೇ. ಕೊನೆಗೆ ಒಂದೊಂದು ಮನೆಯಲ್ಲೂ ನಿಂತು ಎರಡು ಪ್ರಶ್ನೆ ಕೇಳಬೇಕು. ಇವನೊಬ್ಬನೇ ಕದಲಿದರೆ ಇದಕ್ಕಿಂತ ಒಳ್ಳೆಯ ಕಡೆ ಹೋಗಬಹುದೇ? ಹೋದರೆ, ಎದುರಿನವನು ತಿರುಗೇಟು ಕೊಟ್ಟು ಇವನನ್ನು ಮೊದಲಿಗಿಂತ ಕೆಳಕ್ಕೆ ತಳ್ಳಬಹುದೇ? ಕದಲಿ ಯಾರಿಗೂ ಲಾಭವಿಲ್ಲದ ಮನೆ ಸಿಕ್ಕಿದರೆ, ಜಗಳ ಅಲ್ಲಿ ನಿಂತುಬಿಡುತ್ತದೆ.

ಧೈರ್ಯ, ಹೇಡಿತನ ಎರಡೂ ಈ ಲೆಕ್ಕದಲ್ಲಿ ಇಲ್ಲ. ಅಪ್ಪನಿಗೆ ಇದು ಹಿಡಿಸುತ್ತಿತ್ತೋ ಇಲ್ಲವೋ ಗೊತ್ತಿಲ್ಲ.

ನಿನ್ನ ಗುಂಡಿಗಳಿಗೆ ಕಾಯುವ,
ಗುಬ್ಬಿ


ಏಪ್ರಿಲ್ 2

ಗುಬ್ಬಿ,

ಮೂರು ಜನರ ಪ್ಯಾಂಟು ಹೊಲಿಯದೆ ಹಾಗೇ ಬಿದ್ದಿದೆ. ಬಂದವರಿಗೆ 'ಯಂತ್ರ ಕೆಟ್ಟಿದೆ' ಎಂದೆ. ಕೆಟ್ಟಿರುವುದು ನನ್ನ ತಲೆ. ಬೆಳಿಗ್ಗೆ ಎದ್ದ ಕೂಡಲೇ ಬಟ್ಟೆಯ ಮುಂದೆ ಕೂರುತ್ತೇನೆ. ನಿಮ್ಮಪ್ಪ ಹೋದ ಮೇಲೆ ಬೆಳಿಗ್ಗೆ ಏಳುವುದಕ್ಕೆ ನನಗೆ ಒಂದು ಕಾರಣ ಸಿಕ್ಕಿರುವುದು ಇದೇ ಮೊದಲು.

ಒಳಗಿನವನ ಸಾಲು ಸುಲಭವಾಗಿ ಬಂತು. 'ಕೋಟೆ ಬಿಡುವುದಕ್ಕಿಂತ ಪ್ರಾಣ ಬಿಡುತ್ತೇನೆ' ಎಂದು ಅವನು ಹೊರಡಿಸಿದ ಘೋಷಣೆ ಕೋಣೆಯ ಗಾಜಿನ ಪೆಟ್ಟಿಗೆಯಲ್ಲೇ ಇದೆ. ಅದನ್ನು ನಂಬಿ 'ಹಿಡಿದು ಕೂರುವುದು' ಇರುವ ಮನೆಗಳನ್ನೆಲ್ಲ ಮೇಲಿಟ್ಟೆ, 'ಜಾರಿಕೊಳ್ಳುವುದು' ಎಲ್ಲಕ್ಕಿಂತ ಕೆಳಗೆ. ಹೊರಗಿನವನ ಸಾಲು ಮಾತ್ರ ಬರುತ್ತಿಲ್ಲ. ನಾನು ಎಷ್ಟು ಪ್ರಯತ್ನಪಟ್ಟರೂ ಅವನು ನಮ್ಮವನ ಹಾಗೆಯೇ ಯೋಚಿಸುತ್ತಾನೆ. ಅವನ ದವಸ ದೋಣಿಯಲ್ಲಿ ಬರುತ್ತಿತ್ತು, ಅವನಿಗೆ ಅವಸರವಿರಲಿಲ್ಲ ಎಂದು ನಿಮ್ಮಪ್ಪ ಹೇಳುತ್ತಿದ್ದರು. ಅಷ್ಟು ಬರೆದುಕೊಂಡಿದ್ದೇನೆ.

ನಿದ್ದೆ ಸರಿಯಾಗಿ ಆಗುತ್ತಿಲ್ಲ, ಅದೂ ಕಾರಣವಿರಬಹುದು. ಹಾಲಿನವನು ಹೊಸ ತಳ್ಳುಗಾಡಿ ತಂದಿದ್ದಾನೆ, ಕಬ್ಬಿಣದ ಚಕ್ರದ್ದು. ನಮ್ಮ ಬೀದಿಯ ಕಲ್ಲು ಹಾಸಿನ ಮೇಲೆ ಅದು ಬರುವಾಗ ಗೋಡೆಗೆ ನೇತು ಹಾಕಿದ ಕತ್ತರಿಗಳೆಲ್ಲ ಒಂದಕ್ಕೊಂದು ತಾಗುತ್ತವೆ. 'ಏನಪ್ಪಾ, ಹಾಲು ತರ್ತೀಯೋ ಭೂಕಂಪ ತರ್ತೀಯೋ?' ಎಂದು ಕೇಳಿದೆ. 'ನಾನೇನ್ಮಾಡ್ಲಿ ಅಕ್ಕಾ, ನಿಮ್ ಬೀದಿ ಕೊಳವೆ ಥರ ಇದೆ, ಕೆಮ್ಮಿದ್ರೂ ಆ ತುದಿಗೆ ಕೇಳ್ಸತ್ತೆ' ಎಂದ. ಪಾಪ, ನಿಜವೇ.

ಸೂಜಿಗೆ ದಾರ ಪೋಣಿಸುವುದೂ ಈಗ ಕಷ್ಟ. ಕನ್ನಡಕ ಬದಲಿಸಬೇಕು. ಊರಲ್ಲಿರುವುದು ಒಂದೇ ಕನ್ನಡಕದ ಅಂಗಡಿ. ಆದ್ದರಿಂದ ಬದಲಿಸಿಲ್ಲ.

ಗುಂಡಿಗಳ ನಡುವೆ,
ಅಮ್ಮ


ಏಪ್ರಿಲ್ 14

ಅಮ್ಮಾ,

ನಿನ್ನ ಮೊದಲ ತಪ್ಪು ನಮ್ಮ ಆಫೀಸಿಗೆ ಬರುವ ಹೊಸಬರೆಲ್ಲ ಮಾಡುವ ತಪ್ಪೇ. ಘೋಷಣೆಯಲ್ಲಿ ಹೇಳಿದ್ದನ್ನು ಮನಸ್ಸಿನಲ್ಲಿರುವುದು ಎಂದು ನಂಬಿದೆ. 'ಆ ಕನ್ನಡಕದವನ ಮುಖ ಇನ್ನು ನೋಡಲ್ಲ' ಎಂದು ಅಪ್ಪ ಎಷ್ಟು ಸಲ ಘೋಷಣೆ ಹೊರಡಿಸಿದ್ದಾರೆ, ಮರುದಿನ ಸಂಜೆ ಎಷ್ಟು ಸಲ ಜಗುಲಿಯಲ್ಲಿ ಎರಡು ಕುರ್ಚಿ ಹಾಕಿದ್ದಾರೆ, ನೆನಪಿದೆಯಾ? ದಳಪತಿಯ ಸಾಲನ್ನು ನಾನು ಸ್ವಲ್ಪ ತಿದ್ದಿದೆ.

ತಿದ್ದಿದ ಮೇಲೂ ಬಂದ ಉತ್ತರ ಕೇಳು. ಗೋಡೆ ಎತ್ತರ, ಏರಿ ಬಂದರೆ ಹೊರಗಿನವನಿಗೇ ನಷ್ಟ. ಕಣಜ ತುಂಬಿದೆ, ಕದಲಿದರೆ ಒಳಗಿನವನಿಗೆ ನಷ್ಟ. ಜಾರಿಕೊಳ್ಳಲು ಹೋಗಿ ಸಿಕ್ಕಿಬಿದ್ದರೆ ಸೈನ್ಯವೇ ನದಿಯ ಪಾಲು. ಅಂದರೆ, ಇವನು ಹಿಡಿದು ಕೂತು ಅವನು ಕಾಯುವ ಮನೆಯೇ ಗಟ್ಟಿ. ಈ ಲೆಕ್ಕದ ಪ್ರಕಾರ ಇಬ್ಬರೂ ಇವತ್ತಿಗೂ ಅಲ್ಲೇ ಕೂತಿರಬೇಕು!

ಆದರೆ ಕೂತಿಲ್ಲ. ಉತ್ತರ ನಡೆದ ಸಂಗತಿಗೆ ಹೊಂದದಿದ್ದರೆ ನಾವು ಏನೋ ಬಿಟ್ಟಿದ್ದೇವೆ ಎಂದು ಅರ್ಥ. ಇಲ್ಲವೇ, ಒಬ್ಬೊಬ್ಬನ ಕಣ್ಣಿನ ಮುಂದೆ ಇದ್ದ ಪಟ್ಟಿ ಬೇರೆ ಬೇರೆಯಾಗಿತ್ತು. ಹಾಗೂ ಆಗುತ್ತದೆ ಅಮ್ಮ. ಎದುರಿನವನಿಗೆ ಒಂದು ದಾರಿ ಇದ್ದೇ ಇರುತ್ತದೆ, ಆದರೆ ಇವನ ಪಟ್ಟಿಯಲ್ಲಿ ಅದು ಬಂದಿರುವುದಿಲ್ಲ. ಯುದ್ಧ ಸೋತವರು ಹೆಚ್ಚಾಗಿ ಸೋತಿರುವುದು ಅಲ್ಲೇ.

ಹೊರಗಿನವನ ಜಾಗದಲ್ಲಿ ನೀನು ಕೂರಬಾರದು. ನಿನಗೆ ಒಳಗಿನವನ ಮೇಲೆ ಮಮತೆ. ನಾವು ಯಾವಾಗಲೂ ಎದುರು ಪಕ್ಷದವರನ್ನೇ ಕರೆದು ಕೂರಿಸುತ್ತೇವೆ. ಯಾರನ್ನು ಕೂರಿಸಬೇಕೆಂದು ನಾನು ಬರೆಯುವುದಿಲ್ಲ. ಊರಲ್ಲಿ ಕನ್ನಡಕದ ಅಂಗಡಿ ಇರುವುದು ಒಂದೇ.

ಗುಬ್ಬಿ


ಏಪ್ರಿಲ್ 22

ಗುಬ್ಬಿ,

ಆಗುವುದಿಲ್ಲ.

ಆಸ್ಪತ್ರೆಯಲ್ಲಿ ನಿಮ್ಮಪ್ಪ ಬಾಗಿಲ ಕಡೆಗೆ ಮುಖ ಮಾಡಿಕೊಂಡೇ ಮಲಗುತ್ತಿದ್ದರು. ಆ ಮಗ್ಗುಲಿಗೆ ಮಲಗಿದರೆ ಎದೆ ನೋಯುತ್ತದೆ ಎಂದು ನರ್ಸು ತಿರುಗಿಸಿ ಹೋಗುವಳು. ಅವಳು ಆಚೆ ಹೋದ ಕೂಡಲೇ ಮತ್ತೆ ಬಾಗಿಲ ಕಡೆಗೆ. ಯಾರು ಬರಲಿ ಎಂದು ಅವರು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಬರಬೇಕಾದವರು ಬರಲಿಲ್ಲ. ಅಂಗಡಿ ಮುಚ್ಚಿ ನಾಲ್ಕು ಹೆಜ್ಜೆ ಹಾಕಿದರೆ ಆಸ್ಪತ್ರೆ.

ಬೇರೆ ಯಾರನ್ನಾದರೂ ಹೇಳು.

ಅಮ್ಮ


ಮೇ 3

ಅಮ್ಮಾ,

ಅದರ ಬಗ್ಗೆ ಈಗ ಏನೂ ಬರೆಯುವುದಿಲ್ಲ. ಬೇರೊಂದು ವಿಷಯ ಬರೆಯದೆ ಇರಲಾರೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಆಫೀಸಿನಲ್ಲಿ ನಿನ್ನ ಹಳೆಯ ಕಾಗದವನ್ನು ಮತ್ತೆ ಓದುತ್ತಿದ್ದೆ. ಹಾಲಿನ ಗಾಡಿಯ ಜಾಗಕ್ಕೆ ಬಂದು ನಿಂತುಬಿಟ್ಟೆ.

ಸೈನ್ಯವಿದ್ದ ಮೇಲಿನ ಕೋಟೆಯಿಂದ, ಊರನ್ನು ಸುತ್ತಿದ ಗೋಡೆಯ ನದಿ ಬಾಗಿಲಿಗೆ ಹೋಗುವುದಕ್ಕೆ ಆಗಲೂ ಈಗಲೂ ಇರುವುದು ಒಂದೇ ದಾರಿ, ನಮ್ಮ ಬೀದಿ. ಎರಡೂ ಕಡೆ ಅವೇ ಹಳೆಯ ಗೋಡೆಗಳು, ಕೆಳಗೆ ಅದೇ ಕಲ್ಲು ಹಾಸು. ಒಬ್ಬ ಹಾಲಿನವನ ಗಾಡಿಗೆ ಬೀದಿಯೆಲ್ಲ ಏಳುತ್ತದೆ. ಇಡೀ ಸೈನ್ಯ, ಲಾಳ ಕಟ್ಟಿದ ಕುದುರೆಗಳು, ಗಾಡಿಗಳು ನಮ್ಮ ಕಿಟಕಿಯ ಕೆಳಗೆ ಹೋಗುವಾಗ ಊರು ಮಲಗಿತ್ತೇ?

ಇನ್ನೂರು ವರ್ಷದಿಂದ ಎಲ್ಲರೂ ಆ ಸಾಲಿನಲ್ಲಿ 'ಹೇಡಿ' ಎಂಬ ಮಾತಿಗೆ ಜಗಳವಾಡಿದರು. 'ಊರು ಮಲಗಿದ್ದಾಗ' ಎಂಬ ಮಾತಿನ ಮೇಲೆ ಯಾರೂ ಬೆರಳಿಡಲಿಲ್ಲ. ನಾನೂ ಇಡಲಿಲ್ಲ. ಆ ಬೀದಿಯಲ್ಲೇ ಹುಟ್ಟಿದವಳು, ಇಬ್ಬರನ್ನು ಮಾತ್ರ ಲೆಕ್ಕಕ್ಕೆ ಹಿಡಿದು ನಿನಗೆ ಪಾಠ ಹೇಳಿದೆ.

ಮೂರನೆಯ ಬಣ್ಣದ ಗುಂಡಿ ತೆಗೆ ಅಮ್ಮ. ಅದು ಊರು. ಅದಕ್ಕೆ ಏನೇನು ದಾರಿ ಇತ್ತು? ಕೂಗಿ ಶತ್ರುವಿಗೆ ತಿಳಿಸುವುದು. ಬಾಗಿಲು ತೆಗೆದು ಶತ್ರುವನ್ನೇ ಒಳಗೆ ಬಿಡುವುದು. ಇಲ್ಲವೇ, ಎಚ್ಚರವಿದ್ದೂ ದೀಪ ಹಚ್ಚದೆ ಕೂರುವುದು. ಊರಿಗೆ ಏನು ಇಷ್ಟ, ಏನು ಕಷ್ಟ ಎಂಬುದಕ್ಕೆ ನನ್ನ ಹತ್ತಿರ ಸಾಕ್ಷಿಯಿಲ್ಲ. ಹಳೆಯ ದಾಖಲೆ ಓದಿ ಅದನ್ನು ತಿಳಿದವರು ಊರಲ್ಲಿ ಒಬ್ಬರೇ ಉಳಿದಿದ್ದಾರೆ. ನಾನು ಹೆಸರು ಹೇಳುವುದಿಲ್ಲ ಎಂದಿದ್ದೆ, ಹೇಳುವುದೂ ಇಲ್ಲ.

ಕುರ್ಚಿಯಲ್ಲಿ ಕೂರಲಾಗದೆ ನಿಂತುಕೊಂಡೇ ಬರೆದ,
ಗುಬ್ಬಿ


ಮೇ 15

ಗುಬ್ಬಿ,

ಹೋಗಿದ್ದೆ.

ನಿನ್ನ ಕಾಗದ ಬಂದ ದಿನದಿಂದ ಹಾಲಿನ ಗಾಡಿ ಬರುವ ಮೊದಲೇ ಎದ್ದು ಕಿಟಕಿಯಲ್ಲಿ ಕೂರುತ್ತಿದ್ದೆ. ಅದು ಬಂದ ಕೂಡಲೇ ಎದುರು ಮನೆಯಲ್ಲಿ ಕೆಮ್ಮು, ಮೂಲೆ ಮನೆಯಲ್ಲಿ ಮಗು, ಪಕ್ಕದವಳ ಬೈಗುಳ. ಒಬ್ಬರೂ ಮಲಗಿರುವುದಿಲ್ಲ. ಎಷ್ಟು ದಿನ ಅಂತ ಒಬ್ಬಳೇ ಹೊಟ್ಟೆಯಲ್ಲಿಟ್ಟುಕೊಳ್ಳಲಿ? ನಿನ್ನೆ ಗುಂಡಿ ಡಬ್ಬಿಯನ್ನೂ ಬಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ನಡೆದೆ.

ನನ್ನನ್ನು ನೋಡಿ ಅವರು ಎದ್ದು ನಿಂತರು. ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ಇದ್ದರು.

'ಕಣ್ಣು ಪರೀಕ್ಷೆ ಮಾಡಿಸ್ಬೇಕಿತ್ತು' ಎಂದೆ.

'ಕೂತ್ಕೊಳ್ಳಿ ಅತ್ತಿಗೆ.'

ಗೋಡೆಯ ಅಕ್ಷರ ಓದಿಸಿದರು. ಗಾಜು ಬದಲಿಸಿ ಬದಲಿಸಿ 'ಇದ್ರಲ್ಲಿ? ಇದ್ರಲ್ಲಿ?' ಎಂದು ಕೇಳಿದರು. ಪರೀಕ್ಷೆ ಮುಗಿದ ಮೇಲೆ ನಾನು ಅವರ ಗಾಜಿನ ಮೇಜಿನ ಮೇಲೆ ಬಟ್ಟೆ ಹಾಸಿದೆ.

'ಏನಿದು?'

'ಮುತ್ತಿಗೆ. ನೀವು ಹೊರಗಿನವರು. ಬಿಳಿ ಗುಂಡಿ ನಿಮ್ದು.'

'ನಿಮ್ಮನೆಯವನೇ ಕಳಿಸಿದ ಹಾಗಿದೆ ನಿಮ್ಮನ್ನ' ಎಂದರು. ನಗಲಿಲ್ಲ. ಆದರೆ ಕುರ್ಚಿ ಎಳೆದುಕೊಂಡರು.

ನೀನು ನೋಡಬೇಕಿತ್ತು ಗುಬ್ಬಿ. ಮೊದಮೊದಲು ಒಂದೇ ಬೆರಳಿನಲ್ಲಿ ಗುಂಡಿ ತಳ್ಳುತ್ತಿದ್ದವರು ಸ್ವಲ್ಪ ಹೊತ್ತಿಗೆ ತೋಳು ಮಡಿಚಿದರು. ಬಂದ ಗಿರಾಕಿಗೆ 'ನಾಳೆ ಬಾರಪ್ಪ, ಇಲ್ಲಿ ಯುದ್ಧ ನಡೀತಿದೆ' ಎಂದರು. ಇಬ್ಬರ ಲೆಕ್ಕ ಮುಗಿದು ಯಾರೂ ಕದಲದ ಮನೆ ಬಂದಾಗ, 'ನೋಡಿ! ಕದಲ್ಬೇಕಾದ ಅಗತ್ಯವೇ ಇರ್ಲಿಲ್ಲ, ಆದ್ರೂ ಓಡಿದ. ಹೇಡಿ ಅನ್ನದೆ ಇನ್ನೇನನ್ಲಿ?' ಎಂದು ಮೇಜು ಗುದ್ದಿದರು. ಗುಂಡಿಗಳೆಲ್ಲ ಹಾರಿದವು.

ಮತ್ತೆ ಜೋಡಿಸಿ, ಹಾಲಿನ ಗಾಡಿಯ ವಿಷಯ ಹೇಳಿ, ಕೆಂಪು ಗುಂಡಿ ಇಟ್ಟೆ. 'ಇದು ಊರು. ಇದರ ಹತ್ರ ಏನಿತ್ತು, ಏನಿರ್ಲಿಲ್ಲ, ನೀವೇ ಹೇಳಿ.'

'ಹಾಲಿನ ಗಾಡಿನಾ?' ಎಂದರು. ಎದ್ದು ಹೋಗಿ ಬೀದಿಯ ಕಲ್ಲು ಹಾಸನ್ನು ನೋಡಿ ಬಂದರು. ಆಮೇಲೆ ಮೆಲ್ಲಗೆ, 'ನದಿ ಬಾಗಿಲ ಬೀಗದ ಕೈ ಊರಿಗೆ ನೀರು ಹೊರೋರ ಹತ್ರ ಇತ್ತು. ಕಣಜ ತುಂಬಿತ್ತು...' ಎಂದು ನಿಲ್ಲಿಸಿದರು.

'ತುಂಬಿತ್ತು ಅಂತ ನೀವು ಯಾವಾಗ್ಲೂ ಹೇಳ್ತಿದ್ರಿ.'

'ತುಂಬಿತ್ತು. ಮೇಲಿನ ಕೋಟೆಯಲ್ಲಿ.' ಕೆಂಪು ಗುಂಡಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. 'ಊರಿಗೆ ಕೊಟ್ಟ ದಾಖಲೆ ನಾನು ಎಲ್ಲೂ ನೋಡಿಲ್ಲ ಅತ್ತಿಗೆ.'

ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಅವರೇ ಗುಂಡಿ ಸರಿಸುತ್ತ ಹೋದರು. ಹಸಿದ ಊರಿನ ಕೈಯಲ್ಲಿ ಬಾಗಿಲಿನ ಬೀಗದ ಕೈ. ಸೈನ್ಯ ಒಳಗಿರುವಾಗಲೇ ಶತ್ರುವಿಗೆ ತೆಗೆದರೆ ಕಾದಾಟ, ಲೂಟಿ. ತೆಗೆಯದಿದ್ದರೆ ಹಸಿವು. ದಳಪತಿ ತಾನಾಗಿ ಹೋಗಿಬಿಟ್ಟರೆ, ಬೆಳಿಗ್ಗೆ ಕೈ ಮುಗಿದು ಬಾಗಿಲು ತೆಗೆಯಬಹುದು. ದಳಪತಿಗೂ ಅಷ್ಟೇ. ಊರು ಯಾವಾಗ ಬಾಗಿಲು ತೆಗೆಯುತ್ತದೋ ಎಂದು ಕಾಯುವುದಕ್ಕಿಂತ, ಊರು ಬಾಗಿಲು ತೆಗೆದುಕೊಟ್ಟು ಸುಮ್ಮನಿರುತ್ತದೆ ಎಂದಾದರೆ ಜಾರಿಕೊಳ್ಳುವುದೇ ಮೇಲು. ಮೂರು ಗುಂಡಿಯೂ ಒಂದೇ ಮನೆಗೆ ಬಂದು ನಿಂತವು. ಹೊರಗಿನವನಿಗೆ ಪುಕ್ಕಟೆ ಕೋಟೆ, ಸದ್ದು ಕೇಳಿಸಿದರೂ ಅವನೇಕೆ ಕದಲುತ್ತಾನೆ?

'ಆಮೇಲೆ ಊರು ಅವನನ್ನೇ ಹೇಡಿ ಅಂತು' ಎಂದೆ.

'ಇನ್ನೇನು ಅನ್ನತ್ತೆ? ಅವನು ಓಡಿಹೋದ, ನಾವು ಮಲಗಿದ್ವಿ ಅಂದ್ರೆ ಯಾರೂ ಏನೂ ಕೇಳಲ್ಲ.' ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. 'ಅಂದ್ರೆ ನಾನು ತಪ್ಪು.'

'ಊರನ್ನ ಉಳಿಸೋಕೆ ಕೋಟೆ ಬಿಟ್ಟ ದೇವರಂಥ ಮನುಷ್ಯ ಅಂತ ನಮ್ಮನೆಯವ್ರು ಹೇಳ್ತಿದ್ರಲ್ಲ, ಅವರೂ ತಪ್ಪು.'

'ಅವನೂ ತಪ್ಪಾ?' ಈಗ ನಕ್ಕರು. ಅಂಗಡಿಯ ಗಾಜುಗಳೆಲ್ಲ ಅದುರುವ ಹಾಗೆ ನಕ್ಕರು. 'ಅಯ್ಯೋ, ಇದನ್ನ ಅವನಿಗೆ ಹೇಳ್ಬೇಕಿತ್ತಲ್ಲ ಅತ್ತಿಗೆ.' ನಗು ಹಾಗೇ ನಿಂತಿತು. 'ಬಂದಿದ್ದೆ. ಆಸ್ಪತ್ರೆ ಮೆಟ್ಟಿಲ ತನಕ. ಒಂದಲ್ಲ, ಸುಮಾರು ಸಲ. ನನ್ನ ನೋಡಿದ್ರೆ ಗೋಡೆ ಕಡೆ ತಿರುಗಿ ಮಲಗ್ತಾನೆ, ಅದನ್ನ ನೋಡೋಕಾಗಲ್ಲ ಅಂತ ವಾಪಸ್ ಹೋದೆ.'

ನೀನು ಬರೆದಿದ್ದು ನೆನಪಾಯಿತು, ಎದುರಿನವನಿಗೆ ಇದ್ದೇ ಇರುವ ದಾರಿ ಇವನ ಪಟ್ಟಿಯಲ್ಲಿ ಬಂದಿರುವುದಿಲ್ಲ ಎಂದು.

'ಅವರು ಬಾಗಿಲ ಕಡೆಗೇ ಮುಖ ಮಾಡಿ ಮಲಗ್ತಿದ್ರು' ಎಂದೆ.

ಅವರು ಅಂಗಡಿಯ ಬಾಗಿಲು ಅರ್ಧ ಮುಚ್ಚಿದರು. ನಾನು ಗುಂಡಿಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದೆ. ಬಣ್ಣ ಬಣ್ಣ ಬೇರೆ ಮಾಡಿ, ನಿಧಾನವಾಗಿ.

ಹೊರಡುವಾಗ, 'ಸಭೆಯಲ್ಲಿ ನೀವು ಮಾತಾಡಿ. ನಾನು ಎದುರು ವಾದ ಮಾಡ್ತೀನಿ. ಸುಲಭವಾಗಿ ಬಿಡಲ್ಲ' ಎಂದರು.

'ಬಿಡ್ಬೇಡಿ' ಎಂದೆ.

ಅಮ್ಮ


ಮೇ 24

ಅಮ್ಮಾ,

ಓದಿದೆ. ಈಗ ಕೆಲಸದ ಮಾತು ಮಾತ್ರ. ಈ ಲೆಕ್ಕ ಹೀಗೇ ನಡೆಯಿತು ಎಂದು ಸಾಧಿಸುವುದಿಲ್ಲ. ಯಾವ ಕಥೆ ನಿಲ್ಲುವುದಿಲ್ಲ ಎಂದಷ್ಟೇ ಹೇಳುತ್ತದೆ. ಸಭೆಯಲ್ಲಿ ಅಷ್ಟನ್ನೇ ಹೇಳು. ಯಾರನ್ನಾದರೂ ಹೊಗಳಬೇಕು, ಬೈಯಬೇಕು ಅನ್ನಿಸಿದರೆ ನೀರು ಕುಡಿ.

ಕಂಬದ ಹಿಂದೆ ನಿಲ್ಲಬೇಡ.

ಗುಬ್ಬಿ


ಜೂನ್ 9

ಗುಬ್ಬಿ,

ಮೊದಲು ಸಭೆ, ನಮ್ಮ ಬೀದಿಯ ತುದಿಯ ಪ್ರದರ್ಶನ ಕೋಣೆಯಲ್ಲೇ ನಡೆದದ್ದು. ಎಲ್ಲರ ನಡುವೆ ಬಟ್ಟೆ ಹಾಸಿ ಗುಂಡಿ ಜೋಡಿಸಿದೆ. ಗಂಟಲು ಕಟ್ಟಲಿಲ್ಲ. ಅಂಚೆಯವರು, ಬೇಕರಿಯಮ್ಮ, ಶಾಲೆಯ ದೊಡ್ಡ ಮೇಷ್ಟ್ರು, ಎಲ್ಲರೂ ಬಗ್ಗಿ ನೋಡಿದರು. ಅಧ್ಯಕ್ಷರು ಹೇಳಿದ ಮಾತಿನಂತೆ ಸುಲಭವಾಗಿ ಬಿಡಲಿಲ್ಲ. 'ಶರಣಾಗಬಹುದಿತ್ತಲ್ಲ?' ಎಂದರು. ಸೈನ್ಯವೆಲ್ಲ ಸೆರೆ ಎಂದೆ. 'ಕುದುರೆಗಳ ಕಾಲಿಗೆ ಬಟ್ಟೆ ಸುತ್ತಿರಬಹುದಲ್ಲ?' ಎಂದರು. ಸುತ್ತಿದ್ದರೂ ಸುತ್ತಿರಬಹುದು ಎಂದು ಒಪ್ಪಿಕೊಂಡೆ.

ಬೇಕರಿಯಮ್ಮನಿಗೆ ಸಿಟ್ಟು ಬಂತು. 'ನಮ್ಮ ಮನೆಯವ್ರು ಆ ಕಾಲದಿಂದ ಇದೇ ಬೀದಿಯಲ್ಲಿದ್ದಾರೆ. ಮಲಗಿದ್ರು ಅಂದ್ರೆ ಮಲಗಿದ್ರು. ಎಚ್ಚರ ಇದ್ದು ಸುಮ್ನಿದ್ರು ಅಂತ ಕಲ್ಲಲ್ಲಿ ಕೆತ್ತಿ ನಮ್ಮ ಮಾನ ತೆಗೀತೀರಾ?'

ನಾನು ನೀರು ಕುಡಿದೆ.

ಆಗ ಹೊರಗಿನಿಂದ ಸದ್ದು ಶುರುವಾಯಿತು. ಹಾಲಿನ ಗಾಡಿ. ಅದರ ಚಕ್ರಗಳಿಗೆಲ್ಲ ಗೋಣಿ ಸುತ್ತಿತ್ತು, ಅಧ್ಯಕ್ಷರೇ ಸುತ್ತಿಸಿ ಈ ಹೊತ್ತಿಗೆ ಬರಹೇಳಿದ್ದರಂತೆ. ನನಗೆ ಒಂದು ಮಾತು ಹೇಳಿರಲಿಲ್ಲ. ಗೋಣಿ ಸುತ್ತಿದರೂ ಅದು ಬೀದಿಯ ಆ ತುದಿಯಿಂದ ಈ ತುದಿಗೆ ಬರುವ ತನಕ ಬೇಕರಿಯಮ್ಮ ಬಾಯಿ ಆಡಿಸಿದ್ದು ಕಾಣಿಸುತ್ತಿತ್ತು, ಮಾತು ಕೇಳಿಸಲಿಲ್ಲ. ಗಾಡಿ ದಾಟಿದ ಮೇಲೆ ಅವಳು ಕಿಟಕಿಯಲ್ಲಿ ಬಗ್ಗಿ ಬೀದಿಯನ್ನು ನೋಡಿದಳು. ಆಮೇಲೆ, 'ಪಾಪ, ಮಕ್ಕಳನ್ನ ಹೇಗೆ ಸುಮ್ನಿರ್ಸಿದ್ರೋ' ಎಂದಳು.

ಆ ಮಾತು ಆದ ಮೇಲೆ ಯಾರೂ ವಾದ ಮಾಡಲಿಲ್ಲ.

'ಹೇಡಿ' ಹೋಯಿತು. ನಿಮ್ಮಪ್ಪ ಕೇಳುತ್ತಿದ್ದ 'ವೀರ'ವೂ ಬರಲಿಲ್ಲ. ಕಲ್ಲಿನಲ್ಲಿ ಹೀಗೆ ಕೆತ್ತುತ್ತಾರೆ: 'ದಳಪತಿಯ ಸೈನ್ಯ ಈ ಬೀದಿಯಲ್ಲಿ ನಡೆದು ನದಿ ಬಾಗಿಲಿನಿಂದ ಹೊರಗೆ ಹೋಯಿತು. ಊರು ಎಚ್ಚರವಾಗಿತ್ತು.'

ಹೊಸ ಕನ್ನಡಕ ಬಂದಿದೆ. ಒಂದೇ ಸಲಕ್ಕೆ ಸೂಜಿಗೆ ದಾರ ಹೋಗುತ್ತದೆ.

ಇನ್ನೊಂದು ವಿಷಯ. ನಿನ್ನೆ ಸಂಜೆ ಜಗುಲಿಯಲ್ಲಿ ಎರಡು ಕುರ್ಚಿ ಹಾಕಿದ್ದೆ. ಕನ್ನಡಕದವರು ಬಂದು ಕೂತವರೇ, ಹೊರಗಿನವನ ಸಾಲನ್ನು ನಾವು ತಪ್ಪಾಗಿ ಜೋಡಿಸಿದ್ದೇವೆ, ಅವನಿಗೆ ಊರಿನ ವಿಷಯ ಮೊದಲೇ ಗೊತ್ತಿತ್ತು ಎಂದು ಶುರು ಮಾಡಿದರು. ಸಾಧ್ಯವೇ ಇಲ್ಲ ಎಂದೆ. 'ನಿಮಗೇನು ಗೊತ್ತು ಅತ್ತಿಗೆ?' ಎಂದರು. 'ನಿಮಗಿಂತ ಜಾಸ್ತಿ ಗೊತ್ತು' ಎಂದೆ. ಅವರು ದನಿ ಏರಿಸಿದರು. ನಾನೂ ಏರಿಸಿದೆ, ಗುಬ್ಬಿ, ನಾನು. ಗುಂಡಿಗಳು ಮೆಟ್ಟಿಲಿನ ತನಕ ಉರುಳಿದವು.

ಪಕ್ಕದ ಮನೆಯವಳು ಗೋಡೆ ತಟ್ಟಿದಳು.

ಇಬ್ಬರೂ ತಟ್ಟನೆ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿದೆವು. ನಿಮ್ಮಪ್ಪ ಹೋದ ಮೇಲೆ ಆ ಗೋಡೆಯನ್ನು ಯಾರೂ ತಟ್ಟಿರಲಿಲ್ಲ.

ಉರುಳಿದ ಗುಂಡಿ ಆಯ್ದುಕೊಂಡು ಮತ್ತೆ ಶುರು ಮಾಡಿದೆವು, ಸ್ವಲ್ಪ ಮೆಲ್ಲಗೆ. ಭಾನುವಾರ ಫೋನು ಮಾಡು. ಈ ಸಲ ಮಾತಾಡುತ್ತೇನೆ.

ಅಮ್ಮ